ಹನ್ನೊಂದು ಬಿಂದುಗಳು

ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿಯ ನಮಸ್ಕಾರಗಳು. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದಿರುತ್ತೀರಿ. ಹರಿದು ಹಾಕೋಣ ಅಂತಲೂ ಅನ್ನಿಸಿರುತ್ತದೆ. ದಯವಿಟ್ಟು ಹರಿಯಬೇಡಿ. ಒಂಬತ್ತು ವರ್ಷ ಒಂದು ಸಾಲೂ ಬರೆಯದವಳು ಈಗ ತಡವಾಯಿತು, ಕ್ಷಮಿಸಿ ಎಂದರೆ ನಗು ಬರುತ್ತದೆ, ಗೊತ್ತು. ನಿಮ್ಮ ಜೊತೆ ಹೊಲಿಗೆ ಕಲಿತ ಗೆಳತಿಯನ್ನು ಕಾಡಿ ಬೇಡಿ ಈ ವಿಳಾಸ ಪಡೆದೆ. ಫೋನ್ ನಂಬರ್ ಮಾತ್ರ ಕೊಡಲಿಲ್ಲ. "ನಿಮ್ಮ ಮನೆಯವರ ದನಿ ಕೇಳೋದೇ ಬೇಡ ಅಂದಿದಾಳೆ" ಎಂದಳು. ಸರಿಯಾಗಿಯೇ ಅಂದಿದ್ದೀರಿ.

ನಾಳೆಯೋ ನಾಡಿದ್ದೋ ಪೊಲೀಸರು ನಿಮ್ಮ ಬಾಗಿಲಿಗೆ ಬರುತ್ತಾರೆ. ಅವರಿಗಿಂತ ಮೊದಲು ತಲುಪಲಿ ಎಂದು ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಅತ್ತಿಗೆ, ಕುಳಿತುಕೊಂಡು ಓದಿ. ಅಣ್ಣ ಸಿಕ್ಕಿದ್ದಾನೆ. ಬದುಕಿಲ್ಲ. ಒಂಬತ್ತು ವರ್ಷದಿಂದಲೂ ಬದುಕಿರಲಿಲ್ಲ. ಅವನು ಓಡಿಹೋಗಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಲ್ಲ. ನದಿ ಉಕ್ಕಿದರೆ ನೀರು ಯಾವ ಬೀದಿಗೆ ನುಗ್ಗುತ್ತದೆ ಎಂದು ಕಂಪ್ಯೂಟರಿನಲ್ಲಿ ಮುಂಚೆಯೇ ನೋಡುವುದು. "ನೀರಿಗೆ ಅಳತೆ ತಗೊಳ್ಳೋಳು" ಎಂದು ನಗುತ್ತಿದ್ದಿರಿ, ನನಗೆ ಅಳತೆಕೋಲು ಎಂದು ಹೆಸರಿಟ್ಟವರೂ ನೀವೇ. ನದಿಯ ತಳವನ್ನು ಸಾವಿರಾರು ತ್ರಿಕೋನಗಳ ಬಲೆಯಾಗಿ ಹೆಣೆಯುತ್ತೇವೆ. ಪ್ರತಿ ಮೂಲೆಗೂ ಒಂದು ಎತ್ತರ ಬೇಕು. ಬೋಟಿನವರು ನದಿಯ ಮೇಲೆ ಓಡಾಡಿ, ಯಂತ್ರದಿಂದ ತಳಕ್ಕೆ ಶಬ್ದ ಬಿಟ್ಟು, ಆ ಎತ್ತರಗಳನ್ನು ಅಳೆದು ತರುತ್ತಾರೆ. ಒಂದು ಕಡೆ ಎತ್ತರ ಕೆಟ್ಟರೆ ಸಾಕು, ನೀರು ಅಲ್ಲಿ ಹುಚ್ಚು ಹಿಡಿದಂತೆ ಚಿಮ್ಮಿ ಲೆಕ್ಕವೇ ನಿಂತುಬಿಡುತ್ತದೆ.

ಹೋದ ವಾರ ಹಾಗೇ ನಿಂತಿತು. ಪ್ರತಿ ಸಲವೂ ಒಂದೇ ಜಾಗದಲ್ಲಿ, ಹಳೇ ಸೇತುವೆ ದಾಟಿದ ಮೇಲೆ ಸಿಗುವ ತಿರುವಿನಲ್ಲಿ. ಹಳೆಯ ಅಳತೆ, ಹೊಸ ಅಳತೆ ಬೇರೆ ಬೇರೆ ಸೊನ್ನೆಯಿಂದ ಶುರುವಾಗಿವೆಯೇನೋ ಎಂದು ನೋಡಿದೆ. ಇಲ್ಲ. ಆಳ ಬರೆಯುವ ಕಡೆ ಎತ್ತರ ಬರೆದಿದ್ದಾರೇನೋ ಎಂದು ನೋಡಿದೆ. ಅದೂ ಇಲ್ಲ. ಸೇತುವೆಯ ಕಂಬವನ್ನೇ ತಳ ಎಂದುಕೊಂಡಿದೆಯೋ ಎಂದರೆ ಕಂಬ ಅಲ್ಲಿಂದ ದೂರ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಸಿಕ್ಕಿತು. ಸುತ್ತ ಸಮತಟ್ಟಾದ ತಳ. ನಡುವೆ ಒಂದಿಷ್ಟು ಬಿಂದುಗಳು ಮಾತ್ರ ಒಂದು ಮೀಟರ್ ಮೇಲೆದ್ದು ನಿಂತಿದ್ದವು.

ಇಂಥವನ್ನು ನಾವು ಕಸ ಎನ್ನುತ್ತೇವೆ. ಮೀನಿನ ಗುಂಪು ಅಡ್ಡ ಬಂದರೆ, ಬೋಟು ಕುಲುಕಿದರೆ ಇಂಥ ಕಸ ಬರುತ್ತದೆ. ಅಳಿಸುವ ಮುಂಚೆ ಒಂದು ಮಾತು ಕೇಳೋಣವೆಂದು ಬೋಟಿನ ಯಜಮಾನರಿಗೆ ಫೋನ್ ಮಾಡಿದೆ. ಅವರಿಗೆ ರೇಗಿಹೋಯಿತು.

"ಕಸ ಅಲ್ಲಮ್ಮ ಅದು. ಮೂರು ಸಲ ಹೋಗಿ ಬಂದಿದೀನಿ, ಮೂರು ಸಲವೂ ಅಲ್ಲೇ ಸಿಕ್ತು. ಮೀನೇನು ನನಗೋಸ್ಕರ ಕಾಯ್ಕೊಂಡು ಕೂತಿರುತ್ತಾ?"

"ಒಂಬತ್ತು ವರ್ಷದ ಹಿಂದಿನ ಅಳತೇಲಿ ಅಲ್ಲಿ ಏನೂ ಇಲ್ವಲ್ಲ ಯಜಮಾನ್ರೇ" ಎಂದೆ.

"ಆಗ ಬೋಟ್ ಓಡಿಸಿದ್ದೂ ನಾನೇ. ಆಗಲೂ ಇತ್ತು. ನಾನು ಕೊಟ್ಟಿದ್ದನ್ನ ನೀವು ಆಫೀಸಿನೋರು ಏನು ಮಾಡ್ಕೊಂಡ್ರೋ ನನಗೇನು ಗೊತ್ತು?"

ಅವರ ಬಾಯಿ ಮುಚ್ಚಿಸಬೇಕೆಂದೇ ಹಳೆಯ ಡಿಸ್ಕ್ ಹುಡುಕಿ, ಬೋಟಿನಿಂದ ನೇರವಾಗಿ ಬಂದಿದ್ದ ಮೂಲ ಕಡತ ತೆರೆದೆ. ಅತ್ತಿಗೆ, ಇತ್ತು. ಅದೇ ತಿರುವು, ಅದೇ ಜಾಗ, ಇನ್ನೂ ಅರ್ಧ ಮೀಟರ್ ಎತ್ತರವಾಗಿ. ಆಮೇಲೆ ಸುತ್ತ ಮರಳು ತುಂಬಿಕೊಂಡಿದೆ, ಅಷ್ಟೇ. ಎಣಿಸಿದೆ, ಹನ್ನೊಂದು ಬಿಂದುಗಳು. ಕಚೇರಿಯಲ್ಲಿ ಕಡತ ಚೊಕ್ಕ ಮಾಡುವಾಗ ಅವನ್ನು ಅಳಿಸಿದ್ದರು. ಉದ್ದ ನಾಲ್ಕು ಮೀಟರಿಗೆ ಸ್ವಲ್ಪ ಕಡಿಮೆ, ಅಗಲ ಒಂದೂವರೆ. ಯಾವ ಮೀನೂ ಹಾಗಿರುವುದಿಲ್ಲ. ಕಡತದ ತಾರೀಖು ನೋಡಿದೆ. ಅಣ್ಣ ಬ್ರೆಡ್ ವ್ಯಾನ್ ತೆಗೆದುಕೊಂಡು ಮನೆಯಿಂದ ಹೊರಟು ಹನ್ನೆರಡನೆಯ ದಿನ. ತಾರೀಖನ್ನು ಮತ್ತೊಮ್ಮೆ ಓದಿ ಮೇಜಿಗೆ ತಲೆ ಆನಿಸಿದೆ. ಪಕ್ಕದ ಮೇಜಿನವರು "ಯಾಕೆ, ಬಿಪಿ ಲೋ ಆಯ್ತಾ?" ಎಂದು ನೀರು ತಂದುಕೊಟ್ಟರು.

ಆ ವ್ಯಾನನ್ನು ಹೆದ್ದಾರಿಯಲ್ಲಿ ಕಂಡೆ ಎಂದು ಯಾರೋ ಒಬ್ಬ ಹೇಳಿದ್ದನ್ನು ನಂಬಿಕೊಂಡು ನಾವು ನದಿಯ ಕಡೆ ತಿರುಗಿಯೂ ನೋಡಿರಲಿಲ್ಲ.

ಸೋಮವಾರ ಮುಳುಗು ಹಾಕುವವರು ಇಳಿದರು. ಮಂಗಳವಾರ ಕ್ರೇನ್ ಬಂತು. ಮಟಮಟ ಮಧ್ಯಾಹ್ನ, ಎಲ್ಲ ಕಡೆಯಿಂದ ನೀರು ಸುರಿಸುತ್ತಾ ವ್ಯಾನ್ ಮೇಲೆ ಬಂತು. ನಂಬರ್ ಪ್ಲೇಟಿನ ಕೊನೆಯ ಎರಡು ಅಂಕಿ ಇನ್ನೂ ಓದಲು ಬರುತ್ತಿತ್ತು. ಒಳಗೆ ಅಣ್ಣ ಇದ್ದ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಬ್ರೆಡ್ ಟ್ರೇಗಳ ಹಿಂದೆ ನಿಮ್ಮ ಹೊಲಿಗೆ ಯಂತ್ರ ಇತ್ತು. ಬೀದಿಗೆಲ್ಲ ಕೇಳುವಂತೆ ಅಮ್ಮ ಹೇಳುತ್ತಿದ್ದಳಲ್ಲ, "ಇವಳ ಬಾಯಿಗೆ ಹೆದರಿ ಓಡಿಹೋದ, ಹೋಗ್ತಾ ಮಷೀನೂ ಮಾರ್ಕೊಂಡು ಹೋದ" ಎಂದು? ಮಾರಿರಲಿಲ್ಲ. ಹಿಂದಿನ ದಿನ ನಿಮ್ಮಿಬ್ಬರ ಜಗಳ ಅದರ ಸೀಳಿದ ಚಕ್ರದ ಬಗ್ಗೆಯೇ ಅಲ್ಲವೇ? "ಮೂರು ತಿಂಗಳಿಂದ ಬಡ್ಕೊಳ್ತಿದೀನಿ" ಎಂದು ನೀವು ಕೂಗಿದ್ದು ನನ್ನ ಕೋಣೆಗೂ ಕೇಳಿಸಿತ್ತು. ಅತ್ತಿಗೆ, ಆ ಯಂತ್ರಕ್ಕೆ ಬೇರೆ ಚಕ್ರ ಹಾಕಿಸಿದ್ದಾನೆ. ಕೆಸರು ಒರೆಸಿ ನಾನೇ ಬೆರಳಾಡಿಸಿ ನೋಡಿದೆ, ಎಲ್ಲೂ ಸೀಳಿಲ್ಲ. ವ್ಯಾನಿನ ಮೂತಿ ಮನೆಯ ಕಡೆಗಿತ್ತು.

ಅಮ್ಮನಿಗೆ ಹೇಳಿದೆ. ಅಳಲಿಲ್ಲ. "ಅವಳಿಗೆ ಗೊತ್ತಾ?" ಎಂದು ಮಾತ್ರ ಕೇಳಿದಳು. ಒಂಬತ್ತು ವರ್ಷದಲ್ಲಿ ನಿಮ್ಮ ಬಗ್ಗೆ ಅವಳು ತಗ್ಗಿದ ದನಿಯಲ್ಲಿ ಮಾತಾಡಿದ್ದು ಇದೇ ಮೊದಲು.

ನೀವು ಬರುವವರೆಗೆ ಯಾವ ಕಾರ್ಯವನ್ನೂ ಮಾಡುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಬರಲೇಬೇಕು ಎನ್ನುವ ಹಕ್ಕು ನನಗಿಲ್ಲ. ಪುಟ್ಟಿಗೆ ಈಗ ಹನ್ನೆರಡು ತುಂಬಿರಬೇಕು. ಅಪ್ಪ ಬಿಟ್ಟುಹೋದ ಎಂದುಕೊಂಡೇ ಬೆಳೆದಿದ್ದರೆ ಇವತ್ತೇ ಅದನ್ನು ತಿದ್ದಿಬಿಡಿ. ಮಗುವಿಗೆ ಈ ಅತ್ತೆಯ ಆಶೀರ್ವಾದ. ನೂರು ಕಾಲ ಬಾಳಲಿ, ನಿಮ್ಮ ಹಾಗೆ ಗಟ್ಟಿ ಬಾಯಿ ಇರಲಿ, ಯಾರು ಏನೇ ಅಂದರೂ ತಿರುಗಿ ಮಾತಾಡಲಿ.

ನಿಮ್ಮ,
ಅಳತೆಕೋಲು

ಮರೆತದ್ದಲ್ಲ, ಬರೆಯಲು ಹೆದರಿದ್ದು: ಮೇಲೆ "ಅಳಿಸಿದ್ದರು" ಎಂದು ಬರೆದಿದ್ದೇನೆ. ಅಳಿಸಿದವಳು ನಾನು. ಆಗ ಕೆಲಸಕ್ಕೆ ಸೇರಿ ಎರಡೇ ತಿಂಗಳು. ಕಡತದ ಕೊನೆಯಲ್ಲಿ ನನ್ನದೇ ಟಿಪ್ಪಣಿ ಇದೆ: "ಹನ್ನೊಂದು ತಪ್ಪು ಬಿಂದುಗಳು, ತೆಗೆಯಲಾಗಿದೆ." ಬಲೆ ಎಷ್ಟು ಚೊಕ್ಕವಾಗಿದೆ ಎಂದು ಸಾಹೇಬರು ಬೆನ್ನು ತಟ್ಟಿದರು. ಆ ಖುಷಿಯಲ್ಲಿ ಸಂಜೆ ಮನೆಗೆ ಬಂದಾಗ ನೀವು ಪುಟ್ಟಿಯನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಿರಿ. "ಅವರು ಹಾಗೆ ಹೋಗೋರಲ್ಲ ಕಣೇ, ಏನೋ ಆಗಿದೆ. ನಿಮ್ಮ ಆಫೀಸಿನ ಬೋಟ್ ಇದೆಯಲ್ಲ, ನದೀಲಿ ಒಂದ್ಸಲ ನೋಡಿಸು" ಎಂದಿರಿ. ನಾನು ಚಪ್ಪಲಿ ಬಿಡುತ್ತಾ, ನಿಮ್ಮ ಮುಖವನ್ನೂ ನೋಡದೆ ಹೇಳಿದೆ: "ಪೂರ್ತಿ ನೋಡಿ ಆಯ್ತು ಅತ್ತಿಗೆ. ಅಲ್ಲಿ ಏನೂ ಇಲ್ಲ."