ಹಲಸಿನ ಮರದ ಸೋಪಿನ ಬಟ್ಟಲು

೧೨-೮-೧೯೯೮, ಬುಧವಾರ

ನಿದ್ದೆ ಬರುತ್ತಿಲ್ಲ. ಇವರಿಗೆ ಆ ಬಟ್ಟಲು ತಂದುಕೊಟ್ಟು ತಪ್ಪು ಮಾಡಿದೆನೋ ಏನೋ.

ತೆಂಗಿನ ಮರದಿಂದ ಬಿದ್ದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಇವರು ಕನ್ನಡಿ ಮುಂದೆ ನಿಂತಿದ್ದೇ ಕಡಿಮೆ. ಎಡಗೈಯಲ್ಲಿ ಗಡ್ಡದ ಬ್ರಷ್ ತಿರುವಿದರೆ ಸೋಪಿನ ಸ್ಟೀಲ್ ಬಟ್ಟಲು ಜಾರಿ ಬೀಳುತ್ತಿತ್ತು. ನಾನು ಗಡ್ಡ ತೆಗೆಯುತ್ತೇನೆ ಎಂದರೆ ಸಿಡುಕು. ಅದಕ್ಕೇ ಇವತ್ತು ತಿಪಟೂರಿಗೆ ಹೋಗಿ ಮರದ ಬಟ್ಟಲು ಹುಡುಕಿದೆ. ಒಂದು ತೀರಾ ಹಗುರ. ಇನ್ನೊಂದಕ್ಕೆ ಬಣ್ಣ ಬಳಿದಿದ್ದರು, ನೀರು ತಾಗಿದರೆ ಎದ್ದುಹೋಗುತ್ತದೆ. ಕೊನೆಗೆ ತಳ ಅಗಲವಾದ, ತೂಕವಿರುವ ಹಲಸಿನದು ಸಿಕ್ಕಿತು. ಒಳಗೂ ಹೊರಗೂ ಕೊಬ್ಬರಿ ಎಣ್ಣೆ ಸವರಿ, ಒರೆಸಿ, ಸೋಪಿನ ಬಿಲ್ಲೆ ಕೂರಿಸಿ ಕೊಟ್ಟೆ.

ಸಂಜೆ ಇವರೇ ಬ್ರಷ್ ತಿರುವಿದರು. ಬಟ್ಟಲು ಅಲುಗಲಿಲ್ಲ, ನೊರೆ ಉಕ್ಕಿ ಬಂತು. ಎಡಗೆನ್ನೆ ಹೇಗೋ ಮುಗಿಯಿತು. ಬಲಗೆನ್ನೆಗೆ ಕೈ ತಿರುಗದೆ ಕುಯ್ದುಕೊಂಡರು. ನಾನು ರೇಜರ್‌ಗೆ ಕೈ ಚಾಚಿದೆ.

"ಬುಡು ವನಜಾ. ಮಿಕ್ಕಿದ್ದು ನಾಳೆ ನಾನೇ ಮಾಡ್ಕತೀನಿ."

"ಅರ್ಧ ಗಡ್ಡ ನೋಡಿದ್ರೆ ಜನ ನಗಾಕಿಲ್ವೇನ್ರೀ?"

"ನಗ್ಲಿ ಬುಡು ಕಣೇ."

ಬಿದ್ದ ಮೇಲೆ ಇವರ ಬಾಯಲ್ಲಿ 'ನಾಳೆ' ಎಂಬ ಮಾತು ಬಂದದ್ದು ಇದೇ ಮೊದಲು. ಆದರೆ ಬ್ಲೇಡು ಹೊಸದು, ಇವರ ಎಡಗೈಗೆ ಇನ್ನೂ ರೂಢಿಯಿಲ್ಲ. ಬೆಳಗ್ಗೆ ನಾನು ಅಡುಗೆಮನೆ ಬಿಟ್ಟು ಆಚೆ ಬರಬಾರದು. ಬಾರದೆ ಇರಲು ನನ್ನಿಂದ ಆಗುತ್ತದೆಯೋ ಇಲ್ಲವೋ, ಆದರೂ ಇವರೇ ಕರೆಯುವ ತನಕ ಒಲೆ ಮುಂದೆಯೇ ಕೂತಿರುತ್ತೇನೆ.