ಬಂಡೆಗೆ ಬರೆಯಬೇಕಾದ ಹೆಸರು

ರಾಬರ್ಟ್‌ಸನ್‌ಪೇಟೆ
೮ ಜುಲೈ ೨೦೨೫, ಮಂಗಳವಾರ

ಅಮ್ಮನಿಗೆ ಕಲ್ಪನ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳೇ ನೆಟ್ಟಗಿಲ್ಲ. ಫೋನ್ ಮಾಡಿದರೆ ನೀನು ‘ಊಂ’ ಅಂದು ಕೊಟ್ಟಿಗೆಗೆ ಓಡಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ನಿನ್ನ ಸೊಸೆ ಸಹನ ಓದಿ ಹೇಳುತ್ತಾಳೆ. ಈ ಸಲ ಅರ್ಧಕ್ಕೇ ಎದ್ದು ಹೋಗಬೇಡ.

ವಿಷಯ ನಮ್ಮ ಹೊಲದ ಅಂಚಿನ ಬಂಡೆಯದು. ಬಂಗಾರಪೇಟೆ ರಸ್ತೆ ಅಗಲ ಮಾಡುವವರು ಅದನ್ನು ಒಡೆಯುತ್ತಾರೆ ಅಂತ ನಿನಗೂ ಗೊತ್ತು. ದೇವರ ಜಾಗ ಅಂತ ಕಾಗದದಲ್ಲಿದ್ದರೆ ಬಿಡುತ್ತಾರಂತೆ. ಚಲಪತಣ್ಣ ಊರಿನ ಪರವಾಗಿ ಅರ್ಜಿ ತಂದುಕೊಟ್ಟು, ನೀನು ಕನ್ನಡ ಟೀಚರು, ನೀನೇ ತುಂಬಿಸು ಅಂದರು. ಎಲ್ಲ ತುಂಬಿಸಿದೆ. ‘ದೇವರ ಹೆಸರು’ ಅನ್ನುವ ಕಡೆ ಪೆನ್ನು ನಿಂತುಹೋಯಿತು. ಶುಕ್ರವಾರದೊಳಗೆ ಕೊಡಬೇಕು.

ಏನಂತ ಬರೆಯಲಿ? ಹಸು ಈದಾಗಲೆಲ್ಲ ಮೊದಲ ಗಿಣ್ಣು ಹಾಲು ತಂದು ನೀನು ಬಂಡೆಗೆ ಹುಯ್ಯುತ್ತೀಯ. ಮಂತ್ರವಿಲ್ಲ, ಕೈ ಮುಗಿಯುವುದೂ ಇಲ್ಲ. ‘ಕುಡ್ಕಳೇ, ನಿನ್ ಪಾಲು ತಂದಿವ್ನಿ, ಎಣ್ ಕರು ಆಗೈತೆ’ ಅಂತ ಪಕ್ಕದ ಮನೆಯವಳಿಗೆ ಹೇಳಿದ ಹಾಗೆ ಹೇಳಿ, ಅದಕ್ಕೇ ಬೆನ್ನು ಕೊಟ್ಟು ಕೂತು ಎಲೆಅಡಿಕೆ ಹಾಕಿಕೊಳ್ಳುತ್ತೀಯ. ಚಿಕ್ಕವಳಿದ್ದಾಗ ಅದು ಯಾರು ಅಂತ ಕೇಳಿದ್ದಕ್ಕೆ, ‘ಯಾರೂ ಅಲ್ಲ ಕಣೇ, ಐತೆ ಅಷ್ಟೇ’ ಅಂದಿದ್ದೆ. ‘ಐತೆ ಅಷ್ಟೇ’ ಅಂತ ಅರ್ಜಿಯಲ್ಲಿ ಬರೆದರೆ ನಗುತ್ತಾರೆ.

‘ಪ್ರಕೃತಿಮಾತೆ’ ಅಂತ ಬರೆದು ನೋಡಿದೆ. ಆಂಡರ್ಸನ್‌ಪೇಟೆ ಶಾಲೆಯ ನನ್ನ ಮಕ್ಕಳು ಪರಿಸರ ದಿನಕ್ಕೆ ಬರೆಯುವ ಪ್ರಬಂಧದಂತಿತ್ತು, ಹರಿದೆ. ‘ಭೂದೇವಿ’ ಅಂದರೆ ಕಿರೀಟ, ಸೀರೆ, ನಾಲ್ಕು ಕೈ ಎಲ್ಲ ಬಂದುಬಿಡುತ್ತದೆ. ‘ಶಕ್ತಿ’ ಅಂದರೆ ಕರೆಂಟು ಆಫೀಸು ಜ್ಞಾಪಕಕ್ಕೆ ಬಂತು. ಇಷ್ಟು ವರ್ಷ ಕನ್ನಡ ಕಲಿಸಿ ಒಂದು ಮಾತು ಸಿಗದೆ ಒದ್ದಾಡುತ್ತಿದ್ದೇನಲ್ಲ ಅಂತ ನನ್ನ ಮೇಲೇ ಸಿಟ್ಟು ಬರುತ್ತದೆ.

ಪಕ್ಕದ ಮನೆ ಮುತ್ಯಾಲಮ್ಮನವರನ್ನು ಕೇಳಿದೆ. ಅವರ ಯಜಮಾನರು ಇಲ್ಲಿನ ನಂದಿದುರ್ಗ ಚಿನ್ನದ ಗಣಿಗೆ ಇಳಿಯುವ ಮುಂಚೆ ನೆಲ ಮುಟ್ಟಿ, ತಮಿಳಿನಲ್ಲಿ ‘ಪೋಯ್ಟು ವರೇನ್’, ಹೋಗಿ ಬರುತ್ತೇನೆ ಅನ್ನುತ್ತಿದ್ದರಂತೆ. ಯಾರಿಗೆ ಹೇಳುತ್ತಿದ್ದರು ಅಂದೆ. ‘ಮನೆಯಲ್ಲಿ ನನಗೆ ಹೇಳಿಯೇ ಹೊರಟಿರುತ್ತಿದ್ದರಲ್ಲ, ಇನ್ನೊಂದು ಸಲ ಯಾರಿಗೆ ಅಂತ ನಾನು ಕೇಳಲಿಲ್ಲ’ ಅಂದರು. ಅಲ್ಲೂ ಹೆಸರಿಲ್ಲ.

ಹೆಸರು ಕೊಟ್ಟರೆ ಏನಾಗುತ್ತದೆ ಅಂತಲೂ ಗೊತ್ತು. ಚಲಪತಣ್ಣ ಆಗಲೇ ಕಂಬಿಬೇಲಿ, ಟೈಲ್ಸು, ಪೂಜಾರಿ ಅಂತ ಮಾತಾಡುತ್ತಿದ್ದಾರೆ. ಸಗಣಿ ಕೈಯಲ್ಲಿ ಹತ್ತಿರ ಬರಬೇಡ ಅಂತ ನಿನಗೇ ಹೇಳುತ್ತಾರೆ. ಬೆನ್ನು ಕೊಟ್ಟು ಕೂರುವುದಂತೂ ಮುಗಿಯಿತು. ಹೆಸರು ಕೊಡದಿದ್ದರೆ ಜೆಸಿಬಿ ಬರುತ್ತದೆ. ನನಗೆ ಎರಡೂ ಬೇಡ ಅಮ್ಮ. ಊಟ ಸೇರುತ್ತಿಲ್ಲ, ಪಾಠ ಮಾಡುವಾಗ ಕೂಡ ಅದೇ ಖಾಲಿ ಜಾಗ ಕಣ್ಣಮುಂದೆ ಬರುತ್ತದೆ.

ನೀನು ಹೇಳು. ಕನ್ನಡವೋ ತೆಲುಗೋ, ನಿನ್ನ ಬಾಯಲ್ಲಿ ಬಂದದ್ದನ್ನು ಹಾಗೇ ಬರೆಯುತ್ತೇನೆ.

ಊಟ ತಿಂಡಿ ಬಿಡಬೇಡ, ಮಂಡಿಗೆ ಎಣ್ಣೆ ಹಚ್ಚಿಸಿಕೋ.

ನಿನ್ನ ಮಗಳು,
ಕಲ್ಪನ

ತಾ.ಕ.: ಸಹನ, ಇದು ನಿನಗೆ ಮಾತ್ರ, ಅಮ್ಮನಿಗೆ ಓದಬೇಡ. ಶುಕ್ರವಾರ ಅಂತ ಬರೆದದ್ದು ಸುಳ್ಳು. ಅರ್ಜಿ ಹೋದ ವಾರವೇ ಕೊಟ್ಟಾಯಿತು. ‘ಶ್ರೀ ಬಂಡೆ ಮಹಾಲಕ್ಷ್ಮಿ’ ಅಂತ ನಾನೇ ಹೆಸರು ಹುಟ್ಟಿಸಿ ಬರೆದೆ. ‘ನಮ್ಮ ಅತ್ತೆಯ ಕಾಲದಿಂದ ಇದೇ ಹೆಸರಿನಲ್ಲಿ ಪೂಜಿಸುತ್ತಿದ್ದೇವೆ’ ಅನ್ನುವ ಹೇಳಿಕೆಯ ಕೆಳಗಿರುವುದು ಅಮ್ಮನ ಹೆಬ್ಬೆಟ್ಟು. ಹಾಲಿನ ಡೈರಿಯ ಕಾಗದ ಅಂತ ಹೇಳಿ ಒತ್ತಿಸಿಕೊಂಡೆ. ಬಂಡೆ ಉಳಿಯಿತು, ರಸ್ತೆ ಪಕ್ಕಕ್ಕೆ ಸರಿಯುತ್ತದಂತೆ. ಪತ್ರ ಓದಿದ ಮೇಲೆ ಅಮ್ಮ ಏನು ಹೇಳಿದರು ಅಂತ ಬರಿ. ‘ಎಸ್ರು ಇಕ್ಕೋ ಬದ್ಲು ಒಡೆದಾಕ್ಲಿ ಬಿಡು’ ಅಂದರೆ, ಅದನ್ನೂ ಮುಚ್ಚಿಡದೆ ಬರಿ.