ಪಂಪಕ್ಕನ ಜೋಡಿ ಮೊಲ

೬ ಮಾರ್ಚ್ ೧೯೪೧, ಗುರುವಾರ. ಗಂಗಾವತಿ ಕಡೆಯ ಭಾಗ್ಯನಗರ.

ಇದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ: ನನ್ನ ಧಣಿ ಉಮಾಪತಿಯವರು ಮನೆಮನೆಗೆ ಮೊಲ ಮಾರುತ್ತ ಆಡುವ ಮಾತು ನನಗೆ ಬಹಳ ಇಷ್ಟವಾಗುತ್ತಿತ್ತು. ಒಂದು ಜೋಡಿ ಸಾಕಿದರೆ ವರ್ಷದೊಳಗೆ ಅಂಗಳದ ತುಂಬ ಮರಿ, ಹೈದರಾಬಾದಿನ ದೊಡ್ಡ ಮನೆಯವರು ತಾವೇ ಬಂದು ಒಯ್ಯುತ್ತಾರೆ. ಪಂಜರ ಹೊತ್ತು ಹಿಂದೆ ನಿಂತ ನನಗೆ, ಅಂಗಳದಲ್ಲಿ ಬೆಳದಿಂಗಳೇ ಕುಪ್ಪಳಿಸಿದಂತೆ ಕಾಣುತ್ತಿತ್ತು. ಸಾಲೆ ಬಿಟ್ಟವನಿಗೆ ಅಷ್ಟು ಸಾಕಾಗಿತ್ತು.

ಇವತ್ತು ಅವರು ಗಂಡು ಹೆಣ್ಣು ಗುರುತಿಸುವುದನ್ನು ಕಲಿಸಿದರು. ನೋಡಿದರೆ, ಮಾರಲು ಕಟ್ಟಿಟ್ಟ ಜೋಡಿಗಳಲ್ಲಿ ಎಲ್ಲವೂ ಹೆಣ್ಣೇ.

“ಮರಿ ಮಂದಿ ಮನ್ಯಾಗ ಹುಟ್ಟಿದ್ರ ನಮ್ಮ ಹತ್ರ ಯಾರು ಬರ್ತಾರಲೇ?” ಎಂದು ನಕ್ಕರು.

ನಮ್ಮಿಂದ ಒಂದು ಜೋಡಿ ಕೊಂಡಿದ್ದ ಪಂಪಕ್ಕನ ನೆನಪಾಯಿತು. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲಿದ್ದಾಳೆ. ಮೊಲ ಮರಿ ಹಾಕಿದರೆ ಬೇರೆ ಒಲೆ ಹೂಡುತ್ತೇನೆಂದು, ಬುಟ್ಟಿಯಲ್ಲಿ ಹತ್ತಿ ಹಾಸಿ ಕಾಯುತ್ತಿದ್ದಾಳೆ. ಓಡಿಹೋಗಿ ಹೇಳಿದೆ.

“ಎರಡೂ ಹೆಣ್ಣೇನೋ ತಮ್ಮಾ? ಅದಕ್ಕ ಮೂವರೂ ಇಷ್ಟು ಹೊಂದಿಕೊಂಡೀವಿ ನೋಡು.”

ನಗುತ್ತಲೇ ಬುಟ್ಟಿಯಿಂದ ಹತ್ತಿ ತೆಗೆಯತೊಡಗಿದಳು. ಆ ಕೈಗಳು ಇನ್ನೂ ಕಣ್ಣ ಮುಂದಿವೆ.

ಉಮಾಪತಿಯವರ ಬಳಿ ತಿರುಗಿ ಹೋಗಿ, ನನ್ನ ಪಗಾರದ ಬದಲು ಒಂದು ಗಂಡು ಮೊಲ ಕೊಡಿ ಎಂದೆ.

“ಒಯ್ಯಿ. ಇನ್ನ ನನಗ ನಿನ್ನ ಮಾರಿ ತೋರಿಸಬ್ಯಾಡ.”

ಮೊಲವನ್ನು ಅಂಗಿಯೊಳಗೆ ಇಟ್ಟುಕೊಂಡು ಪಂಪಕ್ಕನ ಮನೆಗೆ ಓಡಿದೆ; ಎದೆ ಹೊಡೆದುಕೊಳ್ಳುತ್ತಿತ್ತು, ಅದರದೋ ನನ್ನದೋ ತಿಳಿಯಲಿಲ್ಲ. ಪಂಪಕ್ಕ ಮತ್ತೆ ಹತ್ತಿ ಹಾಸಿದಳು. ಹೈದರಾಬಾದಿನವರು ಯಾರೂ ಬರುವುದಿಲ್ಲ ಎಂದೂ ಹೇಳಿದೆ. ಅವಳು ಮೊಲದ ಕಿವಿ ಸವರುತ್ತಿದ್ದಳು. ಆ ಬಿಳಿ ಅಂಗಳ ಮಾತ್ರ ನನ್ನ ಕಣ್ಣಿಂದ ಇನ್ನೂ…

ನಾಳೆ ಬೇರೆ ಕೆಲಸ ಹುಡುಕಿಕೊಂಡು ಗಂಗಾವತಿಗೆ ಹೋಗುತ್ತೇನೆ.